ಬಾಟ್ಲಿ ಏರಿಸುವ ಮೊದಲು

"ಡಾಕ್ಟರ, ಮೊದ್ಲ ಒಂದ ಬಾಟ್ಲಿ ಏರಸ್ರಿ. ಆಮ್ಯಾಲ ಏನ್ ನೋಡೋದೈತಿ ನೋಡ್ರಿ."

ಲಕ್ಷ್ಮೇಶ್ವರದಲ್ಲಿ ಹದಿನೆಂಟು ವರ್ಷಗಳಿಂದ ದವಾಖಾನೆ ಇಟ್ಟುಕೊಂಡಿರುವ ನಾನು ಈ ಮಾತು ಕೇಳದ ದಿನವಿಲ್ಲ. ಎರಡು ಸಲ ಭೇದಿಯಾದವರಿಗೆ ಬಾಟ್ಲಿ ಬೇಕು. ಶೇಂಗಾ ಹರಿಯಲು ಹೋಗಿ ಬಿಸಿಲಿಗೆ ಬಸವಳಿದವರಿಗೆ ಬೇಕು. ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗಿ ಮುಖ ಬಿಳಿಚಿಕೊಂಡ ಹೆಣ್ಣುಮಗಳಿಗೂ ಬೇಕು. ಮಗಳ ಮದುವೆ ಓಡಾಟದಲ್ಲಿ ದಣಿದ ಯಜಮಾನರು, ಮದುವೆಗೆ ಮುಂಚೆ ಒಂದು ಮತ್ತು ಮುಗಿದ ಮೇಲೆ ಒಂದು ಹಾಕಿಸಿಕೊಂಡು ಹೋದದ್ದೂ ಉಂಟು. ದೇಹದಿಂದ ಏನೋ ಹೋಗಿದೆ, ಅದನ್ನು ಸೂಜಿಯ ಮೂಲಕ ತುಂಬಬೇಕು ಎಂಬುದು ನಮ್ಮ ಜನರ ಲೆಕ್ಕ. ಈ ಲೆಕ್ಕದ ಅರ್ಧ ಸರಿ, ಇನ್ನರ್ಧ ತಪ್ಪು. ಆ ತಪ್ಪರ್ಧಕ್ಕೆ ಕೆಲವೊಮ್ಮೆ ತೆರಬೇಕಾಗುವ ಬೆಲೆ ಬಹಳ ದೊಡ್ಡದು. ಆದ್ದರಿಂದ ಈ ವಾರ ಅದನ್ನೇ ಬರೆಯುತ್ತಿದ್ದೇನೆ.

ಬಾಟ್ಲಿಯಲ್ಲಿ ಏನಿರುತ್ತದೆ?

ಅರ್ಧ ಲೀಟರಿನ ಸಾಧಾರಣ ಸಲೈನ್ ಬಾಟಲಿಯಲ್ಲಿ ಇರುವುದು ಶುದ್ಧ ನೀರು ಮತ್ತು ನಾಲ್ಕೂವರೆ ಗ್ರಾಂ ಅಡಿಗೆ ಉಪ್ಪು, ಅಷ್ಟೇ. ವಯಸ್ಕರೊಬ್ಬರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ರಕ್ತದೊತ್ತಡವಿದೆಯೆಂದು ಉಪ್ಪಿನಕಾಯಿ ಬಿಟ್ಟ ಅಜ್ಜ, "ಶಕ್ತಿ ಬರಲಿ" ಎಂದು ಬಾಟ್ಲಿ ಹಾಕಿಸಿಕೊಂಡರೆ ಹೆಚ್ಚುಕಡಿಮೆ ಒಂದು ದಿನದ ಉಪ್ಪನ್ನು ಒಂದು ತಾಸಿನಲ್ಲಿ ನೇರವಾಗಿ ರಕ್ತಕ್ಕೇ ಸುರಿದುಕೊಂಡಂತಾಯಿತು.

ಇನ್ನು ಗ್ಲೂಕೋಸ್ ಬಾಟಲಿ. ಶೇಕಡಾ 5ರ ಡೆಕ್ಸ್‌ಟ್ರೋಸ್ ಅರ್ಧ ಲೀಟರಿನಲ್ಲಿ ಇರುವುದು 25 ಗ್ರಾಂ ಸಕ್ಕರೆ. ಅದರಿಂದ ಸಿಗುವ ಶಕ್ತಿ ನೂರು ಕ್ಯಾಲೊರಿಯನ್ನು ದಾಟುವುದಿಲ್ಲ. ನಿಮ್ಮ ಮನೆಯ ಒಂದು ತೆಳ್ಳನೆಯ ಜೋಳದ ರೊಟ್ಟಿಯಲ್ಲಿ ಅಷ್ಟು ಶಕ್ತಿ ಇದೆ. ರೊಟ್ಟಿಗೆ ಪಲ್ಯ ಹಚ್ಚಿಕೊಂಡರೆ ಬಾಟಲಿ ಸೋತಿತು. ಮುನ್ನೂರು ನಾಲ್ಕುನೂರು ರೂಪಾಯಿ ಕೊಟ್ಟು, ಕೈಗೆ ಸೂಜಿ ಚುಚ್ಚಿಸಿಕೊಂಡು, ಎರಡು ತಾಸು ಮಲಗಿ ನೀವು ಪಡೆಯುವುದು ಒಂದು ಒಣ ರೊಟ್ಟಿ.

"ಆದರ ಡಾಕ್ಟರ, ಬಾಟ್ಲಿ ಹಾಕಿಸ್ಕೊಂಡ್ರ ಹಗುರ ಅನಸ್ತೈತಲ್ರಿ" ಎನ್ನುತ್ತೀರಿ. ಎರಡು ತಾಸು ಫ್ಯಾನಿನ ಕೆಳಗೆ ಯಾರೂ ಕರೆಯದೆ ಮಲಗಿದರೆ ನನಗೂ ಹಗುರವೆನಿಸುತ್ತದೆ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಹಗಲು ಹೊತ್ತು ಅಷ್ಟು ವಿಶ್ರಾಂತಿ ಸಿಗುವುದು ದವಾಖಾನೆಯ ಮಂಚದ ಮೇಲೆ ಮಾತ್ರ. ಬಾಟ್ಲಿಯ ಜನಪ್ರಿಯತೆಗೆ ಇದೂ ಒಂದು ಕಾರಣವೆಂದು ನನಗೆ ಎಷ್ಟೋ ಸಲ ಅನಿಸಿದೆ.

ಹೋದದ್ದು ಯಾವುದು ಎಂದು ಮೊದಲು ನೋಡಬೇಕು

ದೇಹ ಕಳೆದುಕೊಳ್ಳುವುದು ಒಂದೇ ವಸ್ತುವನ್ನಲ್ಲ. ಮುಟ್ಟಿನಲ್ಲಿ, ಮೂಲವ್ಯಾಧಿಯಲ್ಲಿ, ಹೊಟ್ಟೆಯ ಕೊಕ್ಕೆಹುಳುವಿನಿಂದ ತಿಂಗಳುಗಟ್ಟಲೆ ಹೋಗುವುದು ರಕ್ತ, ಅದರ ಜೊತೆಗೆ ಕಬ್ಬಿಣಾಂಶ. ಇದಕ್ಕೆ ಸಲೈನ್ ಏನೂ ಮಾಡಲಾರದು. ನೀರು ಬೆರೆಸಿದರೆ ತೆಳ್ಳನೆಯ ಹಾಲು ಗಟ್ಟಿಯಾಗುವುದೇ? ಇಲ್ಲಿ ಬೇಕಾದದ್ದು ಹಿಮೋಗ್ಲೋಬಿನ್ ಪರೀಕ್ಷೆ, ರಕ್ತ ಎಲ್ಲಿಂದ ಹೋಗುತ್ತಿದೆ ಎಂಬುದರ ತಪಾಸಣೆ ಮತ್ತು ತಿಂಗಳುಗಟ್ಟಲೆ ಬಿಡದೆ ನುಂಗಬೇಕಾದ ಕಬ್ಬಿಣದ ಗುಳಿಗೆ. ಆ ಗುಳಿಗೆ ಸರಕಾರಿ ದವಾಖಾನೆಯಲ್ಲಿ ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಸಿಗುವುದರಿಂದಲೇ ಅದಕ್ಕೆ ಬೆಲೆಯಿಲ್ಲ. ಈ ವಿಷಯ ಇನ್ನೊಂದು ವಾರಕ್ಕೆ ಇರಲಿ.

ವಾಂತಿ, ಭೇದಿ, ಬೆವರುಗಳಲ್ಲಿ ಹೋಗುವುದು ನೀರು ಮತ್ತು ಲವಣ. ವಯಸ್ಕರ ದೇಹದ ತೂಕದಲ್ಲಿ ಸುಮಾರು ಶೇಕಡಾ 60ರಷ್ಟು ನೀರೇ. ಎಳೆಗೂಸಿನಲ್ಲಿ ಇದು ಇನ್ನೂ ಹೆಚ್ಚು. ಹತ್ತು ಕಿಲೋ ತೂಕದ ಮಗುವಿನ ದೇಹದಿಂದ ಒಂದು ಲೀಟರು ನೀರು ಹೋದರೆ ಅದರ ಪ್ರಾಣ ಅಪಾಯದಲ್ಲಿದೆ ಎಂದು ತಿಳಿಯಿರಿ. ಜೋರಾದ ಭೇದಿಯಲ್ಲಿ ಒಂದು ಲೀಟರು ಹೋಗಲು ಒಂದು ರಾತ್ರಿ ಸಾಕು. ನಾವು ಅಳತೆ ಮಾಡುವುದಿಲ್ಲ, ಬಟ್ಟೆ ಬದಲಾಯಿಸಿ ಸುಮ್ಮನಾಗುತ್ತೇವೆ.

ಇಲ್ಲಿ ತುಂಬಿಕೊಡಬೇಕು ಎಂಬ ನಿಮ್ಮ ಲೆಕ್ಕ ಸರಿ. ಆದರೆ ತುಂಬುವ ದಾರಿ ಬಾಯಿ. ಸೂಜಿಯ ದಾರಿ ಕೆಲವರಿಗೆ ಮಾತ್ರ.

ನರದೊಳಗೆ ಉಪ್ಪುನೀರು ಬಿಡುವ ವಿದ್ಯೆ ಹೊಸದಲ್ಲ. 1832ರಲ್ಲಿ ಕಾಲರಾ ಹಬ್ಬಿದಾಗ ಸ್ಕಾಟ್ಲೆಂಡಿನ ಲೀತ್ ಪಟ್ಟಣದ ಥಾಮಸ್ ಲಟ್ಟಾ ಎಂಬ ವೈದ್ಯ ಅದನ್ನು ಮೊದಲು ಪ್ರಯೋಗಿಸಿದ. ಸಾಯುತ್ತಿದ್ದವರು ಎದ್ದು ಕುಳಿತರು. ಅದು ನಿಜವಾಗಿಯೂ ಪ್ರಾಣ ಉಳಿಸುವ ಸಾಧನ. ಅದರ ಬಗ್ಗೆ ನನ್ನ ತಕರಾರಿಲ್ಲ. ಬಾಯಿಯಿಂದ ಕುಡಿಸಿದ ನೀರು ಭೇದಿಯಲ್ಲಿ ಹೊರಗೇ ಹೋಗುತ್ತದೆ, ಮೈಗೆ ಹತ್ತುವುದಿಲ್ಲ ಎಂದು ಬಹುಕಾಲ ವೈದ್ಯರೇ ನಂಬಿದ್ದರು. ಆ ನಂಬಿಕೆಯ ಬುಡ ಅಲುಗಿದ್ದು 1960ರ ಸುಮಾರಿಗೆ. ಕರುಳಿನ ಒಳಗೋಡೆಯಲ್ಲಿ ಸಕ್ಕರೆ ಮತ್ತು ಸೋಡಿಯಂ ಎರಡೂ ಜೊತೆಯಾಗಿ ಬಂದರೆ ಮಾತ್ರ ತೆರೆದುಕೊಳ್ಳುವ ಒಂದು ಬಾಗಿಲಿದೆ ಎಂದು ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ತೋರಿಸಿದ. ಅವೆರಡು ಒಳಗೆ ಹೋದರೆ ನೀರು ಅವುಗಳ ಹಿಂದೆ ತಾನೇ ಹೋಗುತ್ತದೆ. ಕಾಲರಾದ ವಿಷ ಕರುಳನ್ನು ಎಷ್ಟೇ ಹಾಳುಮಾಡಿದರೂ ಈ ಬಾಗಿಲನ್ನು ಮುಚ್ಚಲಾರದು.

ಇದು ದೊಡ್ಡ ಪ್ರಮಾಣದಲ್ಲಿ ಸಾಬೀತಾದದ್ದು ನಮ್ಮ ದೇಶದಲ್ಲಿಯೇ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಲಕ್ಷಗಟ್ಟಲೆ ಗಡಿ ದಾಟಿ ಬಂದರು. ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಎದ್ದಿತು. ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು. ಸಲೈನ್ ಬಾಟಲಿಗಳು ಮುಗಿಯುತ್ತ ಬಂದವು. ಆಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಸೋಡಾ ಮತ್ತು ಗ್ಲೂಕೋಸನ್ನು ನೀರಿನಲ್ಲಿ ಕಲಸಿ ಡ್ರಮ್ಮುಗಳಲ್ಲಿ ತುಂಬಿ ಇಡಿಸಿದರು. ರೋಗಿಗಳ ತಾಯಂದಿರೇ, ಅಣ್ಣತಮ್ಮಂದಿರೇ ಅದನ್ನು ತಂದು ಕುಡಿಸಿದರು. ಅಲ್ಲಿಯವರೆಗೆ ನೂರಕ್ಕೆ ಮೂವತ್ತರ ಹತ್ತಿರವಿದ್ದ ಸಾವು ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು. ಮಹಲನಬಿಸ್ 2022ರ ಅಕ್ಟೋಬರಿನಲ್ಲಿ ತೀರಿಕೊಂಡರು. ಮರುವರ್ಷ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂತು. ಅಂದಿನ ಡ್ರಮ್ಮಿನ ನೀರೇ ಇಂದು ನಿಮ್ಮ ಊರಿನ ಆಶಾ ಕಾರ್ಯಕರ್ತೆ ಮನೆಗೆ ತಂದು ಕೊಡುವ ಓ.ಆರ್.ಎಸ್. ಪ್ಯಾಕೆಟ್ಟು.

ಒಂದು ರಾತ್ರಿ

ಕೆಲವು ವರ್ಷಗಳ ಹಿಂದೆ, ಆಷಾಢದ ಒಂದು ಬೆಳಗಿನ ಜಾವ, ಹತ್ತಿರದ ಹಳ್ಳಿಯ ದಂಪತಿಗಳು ಒಂದೂವರೆ ವರ್ಷದ ಹೆಣ್ಣುಕೂಸನ್ನು ಎತ್ತಿಕೊಂಡು ನನ್ನ ಬಾಗಿಲು ಬಡಿದರು. ಹಿಂದಿನ ದಿನ ಮಧ್ಯಾಹ್ನದಿಂದ ಭೇದಿ, ಸಂಜೆಯಿಂದ ವಾಂತಿ. "ನೀರು ಕೊಟ್ರ ಇನ್ನೂ ಹೆಚ್ಚಾಗತೈತಿ" ಎಂದು ಮನೆಯ ಹಿರಿಯರು ನೀರನ್ನೂ ಮೊಲೆಹಾಲನ್ನೂ ನಿಲ್ಲಿಸಿದ್ದರು. ರಾತ್ರಿ ಹತ್ತಕ್ಕೆ ಕೂಸು ಮಂಕಾದಾಗ ತಂದೆ ಮೋಟರ್ ಸೈಕಲ್ಲಿನ ಮೇಲೆ ಬಾಟ್ಲಿ ಏರಿಸುವವರನ್ನು ಹುಡುಕಿಕೊಂಡು ಹೊರಟ. ಒಬ್ಬರು ಊರಲ್ಲಿರಲಿಲ್ಲ. ಇನ್ನೊಬ್ಬರು ಇಷ್ಟು ಸಣ್ಣ ಕೂಸಿಗೆ ನರ ಸಿಗುವುದಿಲ್ಲ ಎಂದು ಕೈ ಚೆಲ್ಲಿದರು. ನನ್ನಲ್ಲಿಗೆ ಬರುವಾಗ ಐದು ಗಂಟೆ. ಕಣ್ಣು ಗುಳಿ ಬಿದ್ದಿತ್ತು. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತಿತ್ತು. ಅಳುವಿಗೆ ಧ್ವನಿಯೂ ಇಲ್ಲ, ಕಣ್ಣೀರೂ ಇಲ್ಲ. ನನಗೂ ನರ ಸಿಗಲು ಬಹಳ ಹೊತ್ತಾಯಿತು. ಸಿಕ್ಕ ಮೇಲೆ ಸಲೈನ್ ಬಿಟ್ಟುಕೊಂಡೇ ಗದಗಿಗೆ ಕಳಿಸಿದೆ. ನಲವತ್ತು ಕಿಲೋಮೀಟರಿನ ದಾರಿ. ಕೂಸು ದಾರಿಯಲ್ಲೇ ಹೋಯಿತು.

ಮೂರು ವಾರದ ನಂತರ ಆ ತಾಯಿ ತನ್ನ ಜ್ವರಕ್ಕೆಂದು ಬಂದಿದ್ದಳು. ಮಾತಿಗೆ ಮಾತು ಬಂದಾಗ, ಆಶಾ ಅಕ್ಕ ಕೊಟ್ಟಿದ್ದ ಎರಡು ಪ್ಯಾಕೆಟ್ಟು ಗೂಡಿನಲ್ಲಿ ಇದ್ದವೆಂದಳು. ಯಾಕೆ ಕುಡಿಸಲಿಲ್ಲ ಎಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು: "ಅದು ಬರೇ ನೀರಿನ ಪುಡಿ ಅಂತ ತಿಳಕೊಂಡಿದ್ವಿರಿ. ಔಷಧ ಅಂದ್ರ ಬಾಟ್ಲಿ ಅಂತ."

ಅವಳು ಹಾಗೆ ತಿಳಿದದ್ದು ಯಾರಿಂದ? ನಮ್ಮಿಂದ, ವೈದ್ಯರಿಂದ. ನಾನು ದವಾಖಾನೆ ತೆರೆದ ಹೊಸದರಲ್ಲಿ ಬಾಟ್ಲಿ ಬೇಡವೆಂದು ಕುಡಿಯುವ ಪುಡಿ ಬರೆದುಕೊಟ್ಟರೆ ರೋಗಿಗಳು ಎದುರಿನ ರಸ್ತೆಗೆ ಹೋಗುತ್ತಿದ್ದರು. ಎರಡು ವರ್ಷ ತಡೆದುಕೊಂಡೆ. ಮೂರನೆಯ ವರ್ಷ ನಾನೂ ಏರಿಸತೊಡಗಿದೆ. ಬಾಡಿಗೆ ಕಟ್ಟಬೇಕಿತ್ತು, ಕಾಂಪೌಂಡರನ ಪಗಾರ ಇತ್ತು ಎಂಬುದು ಕಾರಣ ಹೌದು, ಸಮರ್ಥನೆಯಲ್ಲ. ಬೇಡದ ಒಬ್ಬೊಬ್ಬರಿಗೂ ಬಾಟ್ಲಿ ಏರಿಸಿದಾಗ ಪಕ್ಕದಲ್ಲಿ ಕುಳಿತು ನೋಡುತ್ತಿದ್ದ ನಾಲ್ಕು ಜನಕ್ಕೆ ನಾನು ಪಾಠ ಹೇಳಿದಂತಾಯಿತು. ಆ ಪಾಠವನ್ನು ಅವರು ಚೆನ್ನಾಗಿಯೇ ಕಲಿತರು.

ಸೂಜಿಯ ದಾರಿಗೆ ಅದರದೇ ಅಪಾಯಗಳಿವೆ. ಚಳಿ ನಡುಕ, ಚುಚ್ಚಿದ ಜಾಗ ಕೀವಾಗುವುದು, ಹೃದಯ ಅಥವಾ ಮೂತ್ರಪಿಂಡ ದುರ್ಬಲವಾದವರ ಶ್ವಾಸಕೋಶದಲ್ಲಿ ನೀರು ತುಂಬುವುದು. ದ್ರಾವಣದ ಗುಣಮಟ್ಟವೂ ಒಂದು ಪ್ರಶ್ನೆ. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಅಸ್ವಸ್ಥರಾಗಿ, ಐವರು ಪ್ರಾಣ ಕಳೆದುಕೊಂಡದ್ದನ್ನು ನೀವು ಓದಿರುತ್ತೀರಿ. ಅವರಿಗೆ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಂದು ರಾಜ್ಯ ಸರಕಾರ ಅದರ ಬಳಕೆಯನ್ನು ತಡೆಯಿತು. ಆ ತಾಯಂದಿರಿಗೆ ಶಸ್ತ್ರಚಿಕಿತ್ಸೆಯಾಗಿತ್ತು, ಅವರಿಗೆ ದ್ರಾವಣ ಬೇಕೇ ಇತ್ತು. ಏನೂ ಇಲ್ಲದೆ ಬರೀ ದಣಿವಿಗೆ ಕೈ ಚಾಚುವವರು ಯೋಚಿಸಬೇಕು.

ಹಾಗಾದರೆ ಮನೆಯಲ್ಲಿ ಮಾಡಬೇಕಾದದ್ದೇನು?

ಮೊದಲನೆಯ ತೆಳು ಭೇದಿಯಾದ ಕೂಡಲೇ ಕುಡಿಸಲು ಶುರುಮಾಡಿ. ಸುಸ್ತಾಗಲಿ ಎಂದು ಕಾಯಬೇಡಿ. ಇಷ್ಟೇ ನೆನಪಿಟ್ಟರೂ ಈ ಲೇಖನ ಬರೆದದ್ದು ಸಾರ್ಥಕ.

ದೊಡ್ಡ ಓ.ಆರ್.ಎಸ್. ಪ್ಯಾಕೆಟ್ಟು, ಅಂದರೆ 20.5 ಗ್ರಾಂನದು, ಪೂರ್ತಿ ಒಂದು ಲೀಟರು ನೀರಿಗೆ. ಮನೆಯಲ್ಲಿ ಒಂದು ಲೀಟರಿನ ಖಾಲಿ ನೀರಿನ ಬಾಟಲಿ ಇದ್ದರೆ ಅದೇ ಅಳತೆ. ಕುದಿಸಿ ಆರಿಸಿದ ನೀರು ಒಳ್ಳೆಯದು. 200 ಮಿಲಿಲೀಟರಿಗೆಂದು ಬರುವ ಸಣ್ಣ ಪ್ಯಾಕೆಟ್ಟುಗಳೂ ಇವೆ, ಮೇಲೆ ಬರೆದದ್ದನ್ನು ಓದಿ. ನಮ್ಮಲ್ಲಿ ನಡೆಯುವ ದೊಡ್ಡ ತಪ್ಪೆಂದರೆ, ಮಗು ಒಂದು ಲೀಟರು ಎಲ್ಲಿ ಕುಡಿಯುತ್ತದೆ ಎಂದು ದೊಡ್ಡ ಪ್ಯಾಕೆಟ್ಟನ್ನು ಒಂದು ಲೋಟ ನೀರಿಗೆ ಸುರಿಯುವುದು. ಅದು ಉಪ್ಪಿನ ವಿಷವಾಗುತ್ತದೆ. ಅರ್ಧ ಪ್ಯಾಕೆಟ್ಟು ಅಂದಾಜಿನಲ್ಲಿ ಹಾಕುವುದೂ ಬೇಡ. ಪೂರ್ತಿ ಕಲಸಿ, ಬೇಕಾದಷ್ಟು ಕುಡಿಸಿ, ಮುಚ್ಚಿಡಿ. 24 ತಾಸಾದ ಮೇಲೆ ಉಳಿದದ್ದನ್ನು ಚೆಲ್ಲಿ ಹೊಸದು ಮಾಡಿ.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿ, ಅಂದರೆ ಚಹಾದ ಸಣ್ಣ ಕಪ್ಪಿನ ಅರ್ಧದಿಂದ ಒಂದು ಕಪ್ಪು. ಅದಕ್ಕಿಂತ ದೊಡ್ಡ ಮಕ್ಕಳಿಗೆ ಇದರ ಎರಡರಷ್ಟು. ದೊಡ್ಡವರು ಬೇಕೆನಿಸಿದಷ್ಟು ಕುಡಿಯಲಿ. ವಾಂತಿ ಮಾಡಿತೆಂದು ನಿಲ್ಲಿಸಬೇಡಿ. ಹತ್ತು ನಿಮಿಷ ಬಿಟ್ಟು ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಕೊಡಿ. ಇದು ಬೇಸರದ ಕೆಲಸ. ಮನೆಯಲ್ಲಿ ಅಜ್ಜಿಯರಿಗೆ ಇದಕ್ಕಿಂತ ದೊಡ್ಡ ಕೆಲಸ ಆ ದಿನ ಬೇರೆ ಇಲ್ಲ. ಮೊಲೆಹಾಲು ಎಂದಿಗೂ ನಿಲ್ಲಿಸಬಾರದು. ಊಟವನ್ನೂ ಅಷ್ಟೇ, ಮೆತ್ತಗಿನ ಅನ್ನ, ನುಚ್ಚು, ಮಜ್ಜಿಗೆ, ಬಾಳೆಹಣ್ಣು ಕೊಡಿ. ಹೊಟ್ಟೆ ಕಾಯಿಸಿದರೆ ಭೇದಿ ನಿಲ್ಲುತ್ತದೆ ಎಂಬ ಮಾತು ಸುಳ್ಳು.

ಮಕ್ಕಳಿಗೆ ಇದರ ಜೊತೆ ಸತುವಿನ, ಅಂದರೆ ಜಿಂಕ್ ಗುಳಿಗೆ ಕೊಡಬೇಕು. ಆರು ತಿಂಗಳು ಮೀರಿದವರಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಸಣ್ಣವರಿಗೆ 10. ಭೇದಿ ನಿಂತರೂ 14 ದಿನ ಮುಗಿಸಬೇಕು. ಭೇದಿ ಕಟ್ಟುವ ಗುಳಿಗೆಯನ್ನು ಅಂಗಡಿಯಿಂದ ತಂದು ಮಕ್ಕಳಿಗೆ ಹಾಕಬೇಡಿ.

ಪ್ಯಾಕೆಟ್ಟು ಇಲ್ಲದ ಹೊತ್ತಿನಲ್ಲಿ ಒಂದು ಲೀಟರು ನೀರಿಗೆ ಚಹಾ ಚಮಚದಿಂದ ತಲೆ ಸವರಿದ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ರುಚಿ ನೋಡಿ, ಕಣ್ಣೀರಿಗಿಂತ ಹೆಚ್ಚು ಉಪ್ಪಾಗಿರಬಾರದು. ಉಪ್ಪು ಹಾಕಿದ ಗಂಜಿ ತಿಳಿ, ತೆಳ್ಳನೆಯ ಅಂಬಲಿ, ಮಜ್ಜಿಗೆ ಕೂಡ ನಡೆಯುತ್ತವೆ. ನಮ್ಮ ಹಿರಿಯರು ಬಿಸಿಲಲ್ಲಿ ಹೊಲಕ್ಕೆ ಹೋಗುವಾಗ ಅಂಬಲಿ ಗಡಿಗೆ ಒಯ್ಯುತ್ತಿದ್ದದ್ದು ಸುಮ್ಮನೆ ಅಲ್ಲ. ತಂಪು ಪಾನೀಯ, ಬರೀ ಗ್ಲೂಕೋಸ್ ಪುಡಿಯ ನೀರು ಬೇಡ. ಸಕ್ಕರೆ ಅತಿಯಾದರೆ ಅದು ಕರುಳಿನೊಳಕ್ಕೆ ನೀರನ್ನು ಎಳೆದು ಭೇದಿಯನ್ನು ಹೆಚ್ಚಿಸುತ್ತದೆ.

ಇದೇ ಕಾರಣಕ್ಕೆ ಇನ್ನೊಂದು ಮಾತು. ಔಷಧ ಅಂಗಡಿಗಳಲ್ಲಿ ಬಣ್ಣದ ಡಬ್ಬಿಯ ಸಿಹಿ ಪಾನೀಯಗಳು ಓ.ಆರ್.ಎಸ್. ಎಂಬ ಅಕ್ಷರ ಹೊತ್ತು ವರ್ಷಗಟ್ಟಲೆ ಮಾರಾಟವಾದವು. ಅವುಗಳಲ್ಲಿ ಸಕ್ಕರೆ ಬಹಳ, ಲವಣ ಕಡಿಮೆ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಗಳ ಕಾಲ ಹೋರಾಡಿದರು. ಕೊನೆಗೆ 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಪಾನೀಯಗಳ ಹೆಸರಿನಲ್ಲಿ ಆ ಅಕ್ಷರಗಳನ್ನು ಬಳಸಕೂಡದೆಂದು ಆದೇಶಿಸಿತು. ಆದರೂ ಕೊಳ್ಳುವಾಗ ಪ್ಯಾಕೆಟ್ಟಿನ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೆಂದು ಬರೆದಿದೆಯೇ ನೋಡಿ. ಹಣ್ಣಿನ ಚಿತ್ರ ನೋಡಿ ಕೊಳ್ಳಬೇಡಿ.

ಬಾಟ್ಲಿ ಯಾವಾಗ ಬೇಕು?

ಬೇಕಾದಾಗ ತಡಮಾಡಬಾರದು. ಮಗು ಮಂಪರಿನಲ್ಲಿದೆ, ಕುಡಿಯಲು ಆಗುತ್ತಿಲ್ಲ, ಕುಡಿದದ್ದೆಲ್ಲ ವಾಂತಿ, ಆರು ತಾಸಿನಿಂದ ಮೂತ್ರವಿಲ್ಲ, ಕಣ್ಣು ಗುಳಿ ಬಿದ್ದಿದೆ, ಕೈಕಾಲು ತಣ್ಣಗಾಗಿವೆ, ಹೊಟ್ಟೆ ಉಬ್ಬಿದೆ, ಮಲದಲ್ಲಿ ರಕ್ತವಿದೆ ಎಂದರೆ ಮನೆಯಲ್ಲಿ ಕೂಡಬೇಡಿ. ಆದರೆ ಹುಡುಕಬೇಕಾದದ್ದು ಬಾಟ್ಲಿ ಏರಿಸುವವರನ್ನಲ್ಲ, ಆಸ್ಪತ್ರೆಯನ್ನು. 108ಕ್ಕೆ ಫೋನು ಮಾಡಿ. ಮಗು ನುಂಗಬಲ್ಲದಾದರೆ ದಾರಿಯುದ್ದಕ್ಕೂ ಚಮಚದಿಂದ ಕುಡಿಸುತ್ತ ಹೋಗಿ. ಗದಗು ತಲುಪುವ ಒಂದು ತಾಸಿನಲ್ಲಿ ಎಷ್ಟೋ ಒಳಗೆ ಹೋಗಿರುತ್ತದೆ.

ಇಷ್ಟೆಲ್ಲ ಹೇಳಿ ನೀರಿನ ಮಾತೆತ್ತದಿದ್ದರೆ ತಪ್ಪನ್ನೆಲ್ಲ ತಾಯಂದಿರ ತಲೆಗೆ ಕಟ್ಟಿದಂತಾಗುತ್ತದೆ. 2022ರಲ್ಲಿ ರಾಯಚೂರು ನಗರ, 2023ರ ಜೂನಿನಲ್ಲಿ ಕೊಪ್ಪಳ ಜಿಲ್ಲೆಯ ಬಸರಿಹಾಳ, ಅದೇ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿ. ಮೂರೂ ಕಡೆ ಜನ ಸತ್ತದ್ದು ಕೆಟ್ಟ ಕುಡಿಯುವ ನೀರಿನಿಂದ. ನಮ್ಮ ಊರು ಹಳೆಯ ಪುಲಿಗೆರೆ, ಹೆಸರಿನಲ್ಲೇ ಕೆರೆ ಕಟ್ಟಿಕೊಂಡ ಊರು. ನಲ್ಲಿ ನೀರಿಗೆ ದಿನ ಎಣಿಸುವ ನಮ್ಮ ಭಾಗದಲ್ಲಿ ಜನ ನೀರನ್ನು ವಾರಗಟ್ಟಲೆ ತೊಟ್ಟಿ, ಬ್ಯಾರಲ್ಲುಗಳಲ್ಲಿ ಕೂಡಿಟ್ಟು ಕುಡಿಯುತ್ತಾರೆ. ಗಟಾರದೊಳಗೆ ಹಾದ ಪೈಪು ಒಡೆದರೆ ಮೊದಲ ಮಳೆಗೆ ಅದರೊಳಗೆ ಏನು ಸೇರುತ್ತದೆ ಎಂದು ಹೇಳಬೇಕಾಗಿಲ್ಲ. ಒಂದೇ ಓಣಿಯಿಂದ ಮೂರು ನಾಲ್ಕು ಭೇದಿ ರೋಗಿಗಳು ಬಂದರೆ ನಾನು ಪುರಸಭೆಗೆ ಮತ್ತು ತಾಲೂಕು ಆರೋಗ್ಯ ಅಧಿಕಾರಿಗಳಿಗೆ ಅದೇ ದಿನ ತಿಳಿಸುತ್ತೇನೆ. ನೀವೂ ತಿಳಿಸಬಹುದು, ಅದಕ್ಕೆ ಡಾಕ್ಟರೇ ಆಗಬೇಕಿಲ್ಲ.

ನನ್ನ ದವಾಖಾನೆಯಲ್ಲಿ ಈಗ ಮಂಚದ ಪಕ್ಕ ಒಂದು ಸ್ಟೂಲು, ಅದರ ಮೇಲೆ ಒಂದು ಲೀಟರಿನ ಜಗ್ಗು, ಲೋಟ, ಚಮಚ ಇವೆ. ಭೇದಿಯೆಂದು ಬಂದ ಮಗುವಿಗೆ ತಾಯಿ ನನ್ನ ಕಣ್ಣೆದುರೇ ನಾಲ್ಕು ತಾಸು ಕುಡಿಸುತ್ತಾಳೆ, ಕಿಲೋ ತೂಕಕ್ಕೆ 75 ಮಿಲಿಯ ಲೆಕ್ಕದಲ್ಲಿ. ಹೆಚ್ಚಿನ ಮಕ್ಕಳು ನಾಲ್ಕನೆಯ ತಾಸಿಗೆ ಮೂತ್ರ ಮಾಡಿ, ಎದ್ದು ಚಮಚ ಕಸಿದುಕೊಳ್ಳುತ್ತವೆ. ಕೆಲವರು ಇನ್ನೂ ಎದುರಿನ ರಸ್ತೆಗೆ ಹೋಗುತ್ತಾರೆ. ಹೋಗುವವರ ಕೈಯಲ್ಲೂ ಎರಡು ಪ್ಯಾಕೆಟ್ಟು ಇಟ್ಟು ಕಳಿಸುತ್ತೇನೆ.